ಮೂವತ್ತು ದಾಟಿದ ಮೇಲೂ ಎಂಬಿಬಿಎಸ್: ಬಾಗಿಲು ತೆರೆದಿದೆ, ಕಾಗದಪತ್ರ ಸರಿ ಇರಬೇಕು

ಕಾಸರಗೋಡು: 'ಈ ಪ್ರಾಯದಲ್ಲಿ ಇನ್ನು ಡಾಕ್ಟ್ರು ಕಲಿಯುದು ಎಂತಕ್ಕೆ ಮಾರಾಯ್ರೆ?' ಗಡಿನಾಡಿನ ಮನೆಗಳಲ್ಲಿ ಈ ಮಾತು ಹೊಸದಲ್ಲ. ಪ್ಲಸ್ ಟುವಿನಲ್ಲಿ ಕಾಮರ್ಸ್ ತೆಗೆದುಕೊಂಡು ಬಿ.ಕಾಂ. ಮುಗಿಸಿದವರು, ಅಪ್ಪನ ಅಂಗಡಿ ನೋಡಿಕೊಳ್ಳಲು ಓದು ಬಿಟ್ಟವರು, ನರ್ಸಿಂಗ್ ಕಲಿತು ಮಂಗಳೂರಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಗಲ್ಫಿಗೆ ಹೋಗಿ ಬಂದವರು - ಯಾರೇ ಆಸೆ ಹೇಳಿಕೊಂಡರೂ ಉತ್ತರ ಇದೇ. ಕೆಲವು ವರ್ಷಗಳ ಹಿಂದಿನ ತನಕ ಈ ಉತ್ತರಕ್ಕೆ ಕಾನೂನಿನ ಬಲವೂ ಇತ್ತು. ಈಗ ಅದು ಇಲ್ಲ. ಆದರೆ ಕಾನೂನು ಬದಲಾದ ಸುದ್ದಿ ಪಟ್ಟಣದ ಕೋಚಿಂಗ್ ಸೆಂಟರುಗಳಿಗೆ ತಲುಪಿದಷ್ಟು ಬೇಗ ಪೈವಳಿಕೆ, ವರ್ಕಾಡಿ, ಎಣ್ಮಕಜೆಯ ಮನೆಗಳಿಗೆ ತಲುಪಿಲ್ಲ.

2018ರ ಜನವರಿಯಲ್ಲಿ ಅಂದಿನ ಭಾರತೀಯ ವೈದ್ಯಕೀಯ ಮಂಡಳಿ ನಿಯಮ ತಿದ್ದಿತು. ನೀಟ್ ಪರೀಕ್ಷೆ ಬರೆಯಲು ಸಾಮಾನ್ಯ ವರ್ಗದವರಿಗೆ 25 ವರ್ಷ, ಮೀಸಲಾತಿ ಇರುವವರಿಗೆ 30 ವರ್ಷ ಎಂಬ ಮಿತಿ ಬಂತು. ಓಪನ್ ಸ್ಕೂಲಿನಲ್ಲಿ ಕಲಿತವರು, ಖಾಸಗಿಯಾಗಿ ಪರೀಕ್ಷೆ ಕಟ್ಟಿದವರು ಬೇಡ ಎಂದೂ ಹೇಳಿತು. ವಿಷಯ ಕೋರ್ಟಿಗೆ ಹೋಯಿತು. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಓಪನ್ ಸ್ಕೂಲಿನವರ ಮೇಲಿನ ನಿಷೇಧವನ್ನು ತೆಗೆದುಹಾಕಿತಾದರೂ ವಯಸ್ಸಿನ ಮಿತಿಯನ್ನು ಎತ್ತಿಹಿಡಿಯಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ 25 ದಾಟಿದವರಿಗೆ ತಾತ್ಕಾಲಿಕವಾಗಿ ಅವಕಾಶ ಕೊಟ್ಟಿತು. ಮಂಡಳಿಯ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ಅಕ್ಟೋಬರ್ ಸಭೆಯಲ್ಲಿ ಗರಿಷ್ಠ ವಯಸ್ಸನ್ನೇ ಕೈಬಿಟ್ಟಿತು. 2022ರ ಮಾರ್ಚ್‌ನಲ್ಲಿ ಅದನ್ನು ಪ್ರಕಟಿಸಿತು. ಕನಿಷ್ಠ 17 ವರ್ಷ ಆಗಿರಬೇಕು, ಅಷ್ಟೇ. ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಲೆಕ್ಕವಿಲ್ಲ.

ವಯಸ್ಸಿನ ಮಿತಿ ಕೋರ್ಟಿನ ಮಧ್ಯಂತರ ಆದೇಶದ ಮೇಲೆ ನಿಂತಿದ್ದ 2020ರಲ್ಲೇ ಒಡಿಶಾದ 64 ವರ್ಷದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನೀಟ್ ಪಾಸಾಗಿ ಬುರ್ಲಾದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿ ದೇಶದಲ್ಲೆಲ್ಲ ಸುದ್ದಿಯಾದರು. ಅಮೆರಿಕದಲ್ಲಂತೂ ವೈದ್ಯಕೀಯ ಕಾಲೇಜಿಗೆ ಹೋಗುವುದೇ ಪದವಿ ಮುಗಿಸಿದ ಮೇಲೆ. ಅಲ್ಲಿ ಸಂದರ್ಶನವಿದೆ, ಆಸ್ಪತ್ರೆಯಲ್ಲಿ ದುಡಿದ ಅನುಭವಕ್ಕೂ ಬೆಲೆ ಇದೆ. ನಮ್ಮಲ್ಲಿ ಹಾಗಲ್ಲ. ಹತ್ತು ವರ್ಷ ಐಸಿಯುವಿನಲ್ಲಿ ದುಡಿದ ನರ್ಸಮ್ಮನೂ ನಿನ್ನೆ ಪ್ಲಸ್ ಟು ಮುಗಿಸಿದ ಹುಡುಗನೂ ಅದೇ ಬೆಂಚಿನಲ್ಲಿ ಕೂತು ಅದೇ 180 ಪ್ರಶ್ನೆಗೆ ಗುರುತು ಹಾಕಬೇಕು. ಅನುಭವಕ್ಕೆ ಒಂದು ಅಂಕವೂ ಇಲ್ಲ.

ಕಾಮರ್ಸಿನವರಿಗೂ ದಾರಿ

ವಯಸ್ಸಿಗಿಂತ ದೊಡ್ಡ ಗೋಡೆ ವಿಷಯದ್ದಾಗಿತ್ತು. ಹನ್ನೊಂದು, ಹನ್ನೆರಡನೇ ತರಗತಿಗಳಲ್ಲಿ ಎರಡು ವರ್ಷ ಎಡೆಬಿಡದೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯನ್ನು ಪ್ರಾಕ್ಟಿಕಲ್ ಸಮೇತ ಓದಿರಬೇಕಿತ್ತು. ಹದಿನಾರನೇ ಪ್ರಾಯದಲ್ಲಿ ಯಾರದೋ ಮಾತು ಕೇಳಿ ತೆಗೆದುಕೊಂಡ ಗ್ರೂಪ್ ಜೀವಮಾನದ ತೀರ್ಪಾಗುತ್ತಿತ್ತು. 2023ರ ನವೆಂಬರಿನಲ್ಲಿ ಆಯೋಗ ಇದನ್ನೂ ಸಡಿಲಿಸಿತು. ಹನ್ನೆರಡನೇ ತರಗತಿ ಪಾಸಾದ ಮೇಲೆ ಈ ವಿಷಯಗಳನ್ನು ಅಂಗೀಕೃತ ಬೋರ್ಡಿನಿಂದ ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದರೂ ಸಾಕು ಎಂದಿತು. ಇಂಗ್ಲಿಷ್ ಕೂಡ ಪಾಸಾಗಿರಬೇಕು.

ಉದಾಹರಣೆಗೆ ಕುಂಬಳೆ ಕಡೆಯ 31 ವರ್ಷದ ಬಿ.ಕಾಂ. ಪದವೀಧರ ಎಂದಿಟ್ಟುಕೊಳ್ಳಿ. ಅವರು ಪುನಃ ಪ್ಲಸ್ ಟು ಕೂರಬೇಕಿಲ್ಲ. ರಾಷ್ಟ್ರೀಯ ಓಪನ್ ಸ್ಕೂಲಿನಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಬೇಕಾದ ವಿಷಯಗಳಿಗೆ ಮಾತ್ರ ಸೇರುವ ವ್ಯವಸ್ಥೆ ಇದೆ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಅಲ್ಲಿ ಕಟ್ಟಬಹುದು, ಪ್ರಾಕ್ಟಿಕಲ್ ತಪ್ಪಿಸುವಂತಿಲ್ಲ. ಬರೀ ಪಾಸಾದರೆ ಆಯಿತು ಎಂದು ಕೂರುವುದು ಒಳ್ಳೆಯದಲ್ಲ. ಸೀಟು ಹಂಚುವ ರಾಜ್ಯಗಳ ಕೈಪಿಡಿಗಳಲ್ಲಿ ಅಂಕದ ಶರತ್ತು ಬರುವುದರಿಂದ ಶೇ. 50 ದಾಟಿಸಿಕೊಂಡರೆ ಕ್ಷೇಮ. ಪ್ಲಸ್ ಟುವಿನಲ್ಲಿ ಸಯನ್ಸ್ ಓದಿ ಆಮೇಲೆ ನರ್ಸಿಂಗಿಗೋ ಲ್ಯಾಬ್ ಕೆಲಸಕ್ಕೋ ಹೋದವರಿಗೆ ಈ ತಾಪತ್ರಯವೇ ಇಲ್ಲ. ಅವರ ಹಳೆಯ ಮಾರ್ಕ್‌ಶೀಟು ಸಾಕು.

ಲೆಕ್ಕ ಹಾಕಿ ನೋಡಿದರೆ ನಮ್ಮ ಬಿ.ಕಾಂ. ಪದವೀಧರನಿಗೆ ವಿಷಯ ಕಟ್ಟಲು ಒಂದು ವರ್ಷ, ನೀಟ್ ತಯಾರಿಗೆ ಕಡಿಮೆ ಎಂದರೆ ಇನ್ನೊಂದು. 33ಕ್ಕೆ ಸೀಟು ಸಿಕ್ಕಿದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಹೆಸರಿನ ಹಿಂದೆ ಡಾ. ಬರುವಾಗ 38 ದಾಟಿರುತ್ತದೆ. ಮನೆಯವರಿಗೆ ಈ ಸಂಖ್ಯೆಯನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಕೆಲಸದಲ್ಲಿದ್ದುಕೊಂಡೇ ಓದುವ ಕೋರ್ಸೂ ಇದಲ್ಲ. ಥಿಯರಿಗೆ ಶೇ. 75, ಪ್ರಾಕ್ಟಿಕಲಿಗೆ ಶೇ. 80 ಹಾಜರಿ ಬೇಕು. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ, ಇಡೀ ಕೋರ್ಸು ಒಂಬತ್ತು ವರ್ಷದೊಳಗೆ ಮುಗಿಯಬೇಕು ಎಂದು 2023ರ ನಿಯಮಾವಳಿ ಹೇಳುತ್ತದೆ.

ಸ್ಪರ್ಧೆಯ ಮಾತು ಬೇರೆ. 2025ರಲ್ಲಿ ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು. 12 ಲಕ್ಷಕ್ಕೂ ಮಿಕ್ಕಿ ಅರ್ಹತೆ ಪಡೆದರು. ಅರ್ಹತೆ ಎಂದರೆ ಸೀಟಲ್ಲ. ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ ಸಾವಿರಗಳಲ್ಲಿ ಮುಗಿದರೆ ಖಾಸಗಿಯಲ್ಲಿ ಲಕ್ಷಗಳ ವ್ಯವಹಾರ. 'ನೀಟ್ ಪಾಸಾಯ್ತಲ್ಲ, ಇನ್ನೆಂತ' ಎಂದು ಸಿಹಿ ಹಂಚಿದ ಮೇಲೆ ಈ ವ್ಯತ್ಯಾಸ ಗೊತ್ತಾಗುವ ಮನೆಗಳೇ ಜಾಸ್ತಿ.

ಕನ್ನಡ ಪ್ರಶ್ನೆಪತ್ರಿಕೆ ಬೇಕಾದರೆ ಗಡಿ ದಾಟಬೇಕು

ಇಲ್ಲಿಯ ತನಕ ಹೇಳಿದ್ದು ತಿರುವನಂತಪುರದವರಿಗೂ ಬೆಂಗಳೂರಿನವರಿಗೂ ಒಂದೇ. ಇನ್ನು ಬರುವುದು ಗಡಿಯವರ ಸಂಗತಿ.

ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಇದೆ. 2021ರಲ್ಲಿ ಮಲಯಾಳವೂ ಸೇರಿ ಒಟ್ಟು 13 ಭಾಷೆಗಳಾದವು. ಆದರೆ ಪ್ರಾದೇಶಿಕ ಭಾಷೆಯ ಪತ್ರಿಕೆ ಆಯಾ ರಾಜ್ಯದ ಕೇಂದ್ರಗಳಲ್ಲಿ ಮಾತ್ರ. ಕನ್ನಡಕ್ಕೆ ಕರ್ನಾಟಕ, ಮಲಯಾಳಕ್ಕೆ ಕೇರಳ ಮತ್ತು ಲಕ್ಷದ್ವೀಪ. ಹೀಗಾಗಿ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲೇ ಕಲಿತ ಮಂಜೇಶ್ವರದ ಅಭ್ಯರ್ಥಿಗೆ ತನ್ನದೇ ಜಿಲ್ಲೆಯಲ್ಲಿ ಮಲಯಾಳದ ಪತ್ರಿಕೆ ಸಿಗುತ್ತದೆ, ಕನ್ನಡದ್ದು ಸಿಗುವುದಿಲ್ಲ. ಅದು ಬೇಕಾದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಬೇಕು. ಕೇರಳ ಪಿ.ಎಸ್.ಸಿ.ಯೇ ಕನ್ನಡದಲ್ಲಿ ಪ್ರಶ್ನೆಪತ್ರಿಕೆ ಕೊಡುವ ಜಿಲ್ಲೆಯಲ್ಲಿ ಕೇಂದ್ರದ ಪರೀಕ್ಷೆಗೆ ಅದು ಸಾಧ್ಯವಿಲ್ಲ ಎಂಬುದು ವಿಚಿತ್ರ. ಎಸ್ಸೆಸ್ಸೆಲ್ಸಿ ಮುಗಿದು ಹದಿನೈದು ವರ್ಷ ಕಳೆದು ಪುನಃ ಪುಸ್ತಕ ಹಿಡಿಯುವವರಿಗೆ ಇದು ಸಣ್ಣ ವಿಷಯವಲ್ಲ. ಕನ್ನಡ ಆರಿಸಿದವರಿಗೆ ಪಕ್ಕದಲ್ಲೇ ಇಂಗ್ಲಿಷ್ ಪ್ರಶ್ನೆಯೂ ಇರುತ್ತದೆ. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷಿನದ್ದೇ ಅಂತಿಮ. ಅರ್ಜಿ ತುಂಬುವಾಗಲೇ ಭಾಷೆ ನಿರ್ಧಾರವಾಗಬೇಕು. ಅಕ್ಷಯ ಕೇಂದ್ರದಲ್ಲಿ ಕ್ಯೂ ಇದೆ ಎಂದು 'ಇಂಗ್ಲಿಷೇ ಹಾಕಿ ಬಿಡಿ' ಎಂದು ಬರುವವರು ಒಮ್ಮೆ ಯೋಚಿಸುವುದು ಒಳ್ಳೆಯದು.

ಎರಡನೆಯದು ಸೀಟಿನ ವಿಷಯ. ಕೇರಳದಲ್ಲಿ ಎಂಬಿಬಿಎಸ್ ಸೀಟಿಗೆ ನೀಟ್ ಬರೆದರಷ್ಟೇ ಸಾಲದು. ಪ್ರವೇಶ ಪರೀಕ್ಷಾ ಆಯುಕ್ತರ 'ಕೀಮ್' ಅರ್ಜಿಯನ್ನೂ ಪ್ರತ್ಯೇಕವಾಗಿ ಹಾಕಬೇಕು. ಅದಕ್ಕೆ ನೇಟಿವಿಟಿ ದಾಖಲೆ ಬೇಕು, ಅದಕ್ಕೆ ವಿಲೇಜ್ ಆಫೀಸಿಗೆ ಹೋಗಬೇಕು.

ಇದರ ಜತೆಗೆ ಕರ್ನಾಟಕದ ಬಾಗಿಲೂ ಒಂದಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮದಲ್ಲಿ 'ಗಡಿನಾಡು ಕನ್ನಡಿಗ' ಎಂಬ ವರ್ಗವಿದೆ. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳವರು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳವರು ಇದರಲ್ಲಿ ಬರುತ್ತಾರೆ. 1967ರ ಮಹಾಜನ ವರದಿ ಜಾರಿಗೆ ಬರಲಿಲ್ಲ, ಗಡಿ ಸರಿಯಲಿಲ್ಲ. ಆದರೂ ಆ ಹಳೆಯ ತಕರಾರಿನ ಒಂದು ಉಪಕಾರ ಹೀಗೆ ಅರ್ಜಿ ಫಾರ್ಮಿನಲ್ಲಿ ಉಳಿದಿದೆ ಎನ್ನಬಹುದು. ವಾಸ, ಓದಿದ ಶಾಲೆ, ಮಾತೃಭಾಷೆ - ಎಲ್ಲದಕ್ಕೂ ಪ್ರಾಧಿಕಾರ ಕೊಟ್ಟ ನಮೂನೆಯಲ್ಲೇ ಪ್ರಮಾಣಪತ್ರ ತರಬೇಕು. ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆದು ಪಾಸಾಗಬೇಕು. ಈ ಪರೀಕ್ಷೆ ಸಾಮಾನ್ಯವಾಗಿ ಸಿಇಟಿ ಸಮಯದಲ್ಲಿ, ಅಂದರೆ ನೀಟ್‌ಗಿಂತ ಮೊದಲೇ ನಡೆಯುವುದರಿಂದ, 'ರಿಸಲ್ಟ್ ಬರಲಿ, ಆಮೇಲೆ ನೋಡುವ' ಎಂದು ಕೂತವರು ಇಲ್ಲೇ ಹೊರಗುಳಿಯುತ್ತಾರೆ.

ಮಾತೃಭಾಷೆಯ ಪಟ್ಟಿಯಲ್ಲಿ ಕನ್ನಡದ ಜತೆ ತುಳು, ಕೊಡವ, ಬ್ಯಾರಿ ಇವೆ. ಹವ್ಯಕರಿಗೆ ಚಿಂತೆಯಿಲ್ಲ, ಅವರದ್ದು ಕನ್ನಡವೇ. ಆದರೆ ಮನೆಯೊಳಗೆ ಮರಾಠಿ, ಅಂಗಳ ಇಳಿದರೆ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಕರ್ಹಾಡ ಮನೆಗಳ ಮಕ್ಕಳು ಆ ಕಾಲಂ ಎದುರು ಒಂದು ಗಳಿಗೆ ಪೆನ್ನು ಎತ್ತಿ ಹಿಡಿಯುವುದು ಸಹಜ. ಏಳು ಭಾಷೆಗಳ ನಾಡು ಎಂದು ಭಾಷಣ ಮಾಡುವುದು ಸುಲಭ, ಫಾರ್ಮಿಗೆ ಒಂದೇ ಭಾಷೆ ಬೇಕು.

ಉಕ್ಕಿನಡ್ಕದಲ್ಲಿ 50 ಸೀಟು

ಡಾಕ್ಟರ್ ಆಗಲು ಹೊರಟವರಿಗೆ ಇಷ್ಟರ ತನಕ ಹತ್ತಿರದ ಹೆಸರು ಮಂಗಳೂರು, ಮಣಿಪಾಲ, ಇಲ್ಲವೇ ಪರಿಯಾರಂ. ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ ಶುರುವಾಗುವಾಗ ಕಾಸರಗೋಡು ಅದೇ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. 1956ರ ನವೆಂಬರ್ 1ರ ನಂತರ ಅದು ಹೊರರಾಜ್ಯದ ಕಾಲೇಜಾಯಿತು. ರೋಗಿಗಳು ಮಾತ್ರ ಅತ್ತಲೇ ಹೋಗುತ್ತಿದ್ದರು. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆ ತಲುಪಲಾಗದೆ ಜೀವ ಹೋದದ್ದನ್ನು ಈ ಜಿಲ್ಲೆ ಮರೆತಿಲ್ಲ.

ಬದಿಯಡ್ಕ-ಪೆರ್ಲ ರಸ್ತೆಯ ಉಕ್ಕಿನಡ್ಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರ್ 30ರಂದು ಶಿಲಾನ್ಯಾಸವಾಯಿತು. ಆಮೇಲೆ ವರ್ಷಗಟ್ಟಲೆ ಅದು ಪತ್ರಿಕೆಗಳಿಗೆ ಕಾಡು ಬೆಳೆದ ಕಟ್ಟಡದ ಫೋಟೋ ಒದಗಿಸಿತು. 2020ರಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ಕಡೆಗೆ 2025ರ ಸೆಪ್ಟೆಂಬರಿನಲ್ಲಿ ವೈದ್ಯಕೀಯ ಆಯೋಗ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಕೊಟ್ಟಿತು. ಶಿಲಾನ್ಯಾಸಕ್ಕೂ ಮೊದಲ ಸೀಟಿಗೂ ನಡುವೆ ಹನ್ನೆರಡು ವರ್ಷ. ಸರ್ಕಾರಿ ಕಾಲೇಜುಗಳಲ್ಲಿ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ ಏಳೆಂಟು ಕಡಿಮೆ. ಉಳಿದದ್ದು ಇಡೀ ಕೇರಳದ ರ‍್ಯಾಂಕಿನ ಮೇಲೆ. ಕಾಲೇಜು ಕನ್ನಡದ ನೆಲದಲ್ಲಿದೆ ಎಂದು ಸೀಟು ತಾನಾಗಿ ಕನ್ನಡಿಗರ ಮನೆಗೆ ಬರುವುದಿಲ್ಲ.

ಊರಿನ ಭಾಷೆ ಗೊತ್ತಿರುವ ಡಾಕ್ಟರು ಇದ್ದರೆ ಎಂತ ಆಗ್ತದೆ ಎಂದು ಕೇಳುವವರಿಗೆ ಉತ್ತರ ಅದೇ ಎಣ್ಮಕಜೆಯ ಪಡ್ರೆಯಲ್ಲಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ 1990ರ ದಶಕದಲ್ಲಿ, ಮನೆ ಮನೆಯಲ್ಲಿ ಕಾಣುತ್ತಿದ್ದ ವಿಚಿತ್ರ ಕಾಯಿಲೆಗಳಿಗೆ ಏನೋ ಒಂದು ಸಂಬಂಧವಿರಬೇಕೆಂದು ಗುರುತಿಸಿ ಬರೆದವರು ಅಲ್ಲೇ ಕ್ಲಿನಿಕ್ ಇಟ್ಟುಕೊಂಡಿದ್ದ ಡಾ. ವೈ.ಎಸ್. ಮೋಹನ್ ಕುಮಾರ್. ದೊಡ್ಡ ಆಸ್ಪತ್ರೆಗೆ ಒಬ್ಬೊಬ್ಬರಾಗಿ ಹೋದ ರೋಗಿಗಳು ಅಲ್ಲಿ ಬರೀ ಒಂದೊಂದು ಚೀಟಿ. ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಲ್ಲಿ ತಡೆದದ್ದು 2011ರಲ್ಲಿ.

ಈ ಮೇ ತಿಂಗಳಿಗೋ ಮುಂದಿನ ಮೇ ತಿಂಗಳಿಗೋ ಪರೀಕ್ಷೆ ಎಂದು ಅಂದಾಜು ಮಾಡಿಕೊಂಡವರು ಮೊದಲು ಮಾಡಬೇಕಾದದ್ದು ಕೋಚಿಂಗ್ ಫೀಸು ಕಟ್ಟುವುದಲ್ಲ. ಹಳೆಯ ಎಸ್ಸೆಸ್ಸೆಲ್ಸಿ ಪುಸ್ತಕ, ಪ್ಲಸ್ ಟು ಮಾರ್ಕ್‌ಶೀಟು, ಆಧಾರ್ ಮೂರನ್ನೂ ಮೇಜಿನ ಮೇಲಿಟ್ಟು ಹೆಸರು, ಇನಿಶಿಯಲ್, ಹುಟ್ಟಿದ ತಾರೀಕು ಒಂದೇ ರೀತಿ ಇದೆಯೇ ನೋಡುವುದು. ಒಂದರಲ್ಲಿ 'ಭಟ್', ಇನ್ನೊಂದರಲ್ಲಿ ಬರೀ 'ಬಿ.' ಎಂದಿರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಮದುವೆಯಾದ ಹೆಣ್ಣುಮಕ್ಕಳ ಹೆಸರು ಬದಲಾಗಿದ್ದರೆ ಅದೂ ಸರಿಯಾಗಬೇಕು. ಅರ್ಜಿ ಕರೆದ ಮೇಲೆ ಉಳಿಯುವುದು ಕೆಲವೇ ವಾರ. ತಿದ್ದುಪಡಿಗೆ ಕಚೇರಿಗಳಲ್ಲಿ ಅದಕ್ಕಿಂತ ಹೆಚ್ಚು ಸಮಯ ಹಿಡಿಯಬಹುದು.