ಮಗ ಚಟಕ್ಕೆ ಬಿದ್ದಾಗ ಗುಟ್ಟಿನ ಮದ್ದು ನಾಟದು

ಗೋಡೆಬರಹಗಳಲ್ಲಿ, ಪತ್ರಿಕೆಗಳ ಸಣ್ಣ ಜಾಹೀರಾತುಗಳಲ್ಲಿ, ವಿದ್ಯುತ್ ಕಂಬಕ್ಕೆ ಅಂಟಿಸಿದ ಚೀಟಿಗಳಲ್ಲಿ ಒಂದು ಭರವಸೆಯನ್ನು ನಾವೆಲ್ಲ ಓದಿದ್ದೇವೆ. ಕುಡಿಯುವವರಿಗೆ ಗೊತ್ತಾಗದ ಹಾಗೆ ಕುಡಿತ ಬಿಡಿಸಿಕೊಡಲಾಗುವುದು ಎಂಬುದೇ ಆ ಭರವಸೆ. ಊಟದಲ್ಲೋ ಕಾಫಿಯಲ್ಲೋ ಬೆರೆಸಿಕೊಟ್ಟರಾಯಿತು. ಮಾತು ಬೇಡ, ಜಗಳ ಬೇಡ. ಪಿಯುಸಿ ಓದುವ ಮಗನ ಚೀಲದಲ್ಲಿ ಗಾಂಜಾ ಪೊಟ್ಟಣವನ್ನೋ ಮದ್ಯದ ಟೆಟ್ರಾ ಪ್ಯಾಕನ್ನೋ ಕಂಡ ತಾಯಿಗೆ ಇದಕ್ಕಿಂತ ಆಕರ್ಷಕವಾದ ಪರಿಹಾರ ಬೇರೊಂದು ಇರಲಾರದು. ಗಂಡನಿಗೂ ಹೇಳಬೇಕಿಲ್ಲ, ನೆರೆಹೊರೆಗೂ ತಿಳಿಯುವುದಿಲ್ಲ.

ಅಪಾಯ ಇರುವುದೂ ಇಲ್ಲಿಯೇ. ಪೊಟ್ಟಣದೊಳಗೆ ಏನಿದೆಯೆಂಬುದು ಕೊಳ್ಳುವವರಿಗೆ ತಿಳಿದಿರುವುದಿಲ್ಲ. ಕೆಲವರು ಡೈಸಲ್ಫಿರಾಂ ಮಾತ್ರೆಯನ್ನೇ ತಂದು ಪುಡಿಮಾಡಿ ಸಾರಿಗೆ ಬೆರೆಸುವುದುಂಟು. ಮದ್ಯವು ಯಕೃತ್ತಿನಲ್ಲಿ ಮೊದಲು ಅಸೆಟಾಲ್ಡಿಹೈಡ್ ಎಂಬ ವಿಷಕಾರಿ ಪದಾರ್ಥವಾಗಿ, ಬಳಿಕ ನಿರಪಾಯಕಾರಿ ಪದಾರ್ಥವಾಗಿ ಮಾರ್ಪಡುತ್ತದೆ. ಡೈಸಲ್ಫಿರಾಂ ಈ ಎರಡನೆಯ ಹಂತವನ್ನು ತಡೆಯುತ್ತದೆ. ಆಗ ಕುಡಿದವನ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ, ಪ್ರಾಣಾಪಾಯವೂ ಸಂಭವಿಸಬಹುದು. ಕುಡಿದರೆ ಹೀಗಾಗುತ್ತದೆಂದು ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ಸೇವಿಸುವವರಿಗಾಗಿ ಇರುವ ಔಷಧವಿದು. ತಿಳಿಯದೆ ಸೇವಿಸಿದವನು ಎಂದಿನಂತೆ ಕುಡಿಯುತ್ತಾನೆ, ಆಸ್ಪತ್ರೆ ಸೇರುತ್ತಾನೆ. ಗಾಂಜಾ ಸೇದುವ ಹುಡುಗನಿಗಂತೂ ಇದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಅಮ್ಮ ಬಡಿಸಿದ ಅನ್ನದಲ್ಲಿ ಮದ್ದಿತ್ತೆಂದು ಮಗನಿಗೆ ಒಂದು ದಿನ ತಿಳಿದೇ ತಿಳಿಯುತ್ತದೆ. ಆ ಬಳಿಕ ಆ ಮನೆಯಲ್ಲಿ ಯಾರು ಯಾರನ್ನು ನಂಬಬೇಕು?

ಚಟವೆಂದರೆ ಗಾಂಜಾ, ಮದ್ಯವಷ್ಟೇ ಅಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ವಯಸ್ಕರಿಗಿಂತ ಮಕ್ಕಳಲ್ಲಿ ಬಳಕೆ ಹೆಚ್ಚಾಗಿ ಕಂಡುಬಂದ ಏಕೈಕ ವರ್ಗ ಮೂಸುವ ಪದಾರ್ಥಗಳದ್ದು: 10ರಿಂದ 17 ವರ್ಷದವರಲ್ಲಿ ಶೇ 1.17, ವಯಸ್ಕರಲ್ಲಿ ಶೇ 0.58. ವೈಟ್ನರ್, ಥಿನ್ನರ್, ಪಂಕ್ಚರ್ ಹಾಕುವ ಸೊಲ್ಯೂಷನ್ ಇತ್ಯಾದಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ವಸ್ತುಗಳಿವು. ಕರವಸ್ತ್ರಕ್ಕೆ ಅಂಟಿದ ಘಾಟು ವಾಸನೆ, ಬಾಯಿಯ ಸುತ್ತಲಿನ ಗುಳ್ಳೆಗಳು ಇದರ ಸುಳಿವು ನೀಡಬಹುದು. ತಡವಾಗಿ ಏಳುವುದು, ಮುಂಗೋಪ, ಅಂಕ ಇಳಿಕೆ ಮುಂತಾದುವು ಹದಿಹರೆಯದಲ್ಲಿ ಬೇರೆ ನೂರು ಕಾರಣಗಳಿಂದಲೂ ಬರುತ್ತವೆ. ಆದ್ದರಿಂದ ಅಷ್ಟನ್ನೇ ಕಂಡು ಮಗನ ಮೇಲೆ ಪತ್ತೇದಾರಿಕೆಗಿಳಿಯುವುದು ತರವಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಮಾತನಾಡಬೇಕು. ಅವನು ಅಮಲಿನಲ್ಲಿರುವಾಗ ಬೇಡ, ತಂದೆಯ ಕೋಪ ನೆತ್ತಿಗೇರಿರುವಾಗಲೂ ಬೇಡ. ಕಂಡದ್ದನ್ನು ಕಂಡಂತೆ ಹೇಳಿ, ಯಾವಾಗಿನಿಂದ, ಎಷ್ಟು, ಯಾರೊಡನೆ ಎಂದು ಕೇಳಿ, ಉತ್ತರಕ್ಕೆ ಕಾಯಬೇಕು. ಪರೀಕ್ಷೆಯ ಭಯ, ಖಿನ್ನತೆ, ಏಕಾಗ್ರತೆಯ ತೊಂದರೆ, ಮನೆಯೊಳಗಿನ ಕುಡಿತ ಮುಂತಾದ ಇನ್ನೊಂದು ಸಂಕಟ ಚಟದ ಹಿಂದೆ ಹಲವು ವೇಳೆ ಇರುತ್ತದೆ. ಅದನ್ನು ಬಿಟ್ಟು ಚಟಕ್ಕೊಂದಕ್ಕೇ ಚಿಕಿತ್ಸೆ ಮಾಡಿದರೆ ಫಲ ಕಡಿಮೆ.

ಕೋಣೆಗೆ ಕೂಡಿಹಾಕಿ ಬಿಡಿಸುತ್ತೇವೆನ್ನುವ ತಂದೆಯರಿದ್ದಾರೆ. ಗಾಂಜಾ ಬಿಟ್ಟವರಿಗೆ ಒಂದೆರಡು ವಾರ ನಿದ್ದೆ ಬಾರದಿರುವುದು, ಸಿಡುಕು, ಹಸಿವು ಕುಂದುವುದು ಸಾಮಾನ್ಯ. ಇದನ್ನು ಮನೆಯವರು ಮಗನ ಹಟವೆಂದೇ ತಿಳಿಯುತ್ತಾರೆ. ನಿತ್ಯ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ನಡುಕ ಮಾತ್ರವಲ್ಲ, ಎರಡು ದಿನಗಳೊಳಗೆ ಫಿಟ್ಸ್ ಕೂಡ ಬರಬಹುದು. ಬಿಡಿಸುವ ಮೊದಲ ದಿನಗಳು ವೈದ್ಯರ ಕಣ್ಣೆದುರಿಗೆ ಕಳೆಯಬೇಕೆನ್ನುವುದು ಇದಕ್ಕಾಗಿಯೇ.

ಆಸ್ಪತ್ರೆಗೆ ಹೋದರೆ ಪೊಲೀಸ್ ಪ್ರಕರಣವಾಗುತ್ತದೆಂಬ ಅಂಜಿಕೆ ಬಹಳಷ್ಟು ಪೋಷಕರನ್ನು ತಡೆಯುತ್ತದೆ. 1985ರ ಎನ್‌ಡಿಪಿಎಸ್ ಕಾಯಿದೆಯಡಿ ಮಾದಕ ವಸ್ತು ಸೇವನೆ ಅಪರಾಧವೆಂಬುದು ನಿಜ. ಆದರೆ ಅದೇ ಕಾಯಿದೆಯ 64ಎ ಕಲಮಿನಂತೆ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸರಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹಿಂದೆಗೆಯಬಹುದು. ಮಾರಾಟಗಾರರಿಗೆ ಇದು ಅನ್ವಯಿಸದು. ಇನ್ನೊಂದೆಡೆ, ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯು ಏಳು ವರ್ಷಗಳವರೆಗಿನ ಕಠಿಣ ಸಜೆ ವಿಧಿಸುತ್ತದೆ. ಕಾನೂನಿನ ಕೋಪ ಯಾರ ಮೇಲಿದೆಯೆಂಬುದು ಇದರಿಂದ ಸ್ಪಷ್ಟ.

ಕೇಂದ್ರವನ್ನು ಆರಿಸುವಾಗ ಎಚ್ಚರ ಅಗತ್ಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ವ್ಯಸನದ ತೊಂದರೆಗಳನ್ನೂ ಒಳಗೊಳ್ಳುತ್ತದೆ. ಅದರಂತೆ 18 ತುಂಬದವರನ್ನು ವಯಸ್ಕರಿಂದ ಪ್ರತ್ಯೇಕವಾಗಿ ಇರಿಸಬೇಕು. ಪೋಷಕರು ಅಥವಾ ಅವರು ನೇಮಿಸಿದ ಸಹಾಯಕರು ದಾಖಲಾತಿಯ ಪೂರ್ಣ ಅವಧಿಗೆ ಜೊತೆಯಲ್ಲಿರಬೇಕು. ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕು. ಮೂರು ತಿಂಗಳು ಬಿಟ್ಟುಹೋಗಿ, ಭೇಟಿಗೆ ಬರಬೇಡಿ ಎನ್ನುವ ಸ್ಥಳವು ಎಷ್ಟೇ ಶಿಸ್ತಿನದೆನಿಸಿದರೂ ಅಲ್ಲಿಂದ ಹಿಂದಿರುಗುವುದು ಲೇಸು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಹೊರಡುವ ಮುನ್ನ ಮಾತನಾಡಬಯಸುವವರು 2022ರಲ್ಲಿ ಆರಂಭವಾದ ಟೆಲಿಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಚಿಕಿತ್ಸೆ ಮುಗಿಸಿ ಬಂದ ಹುಡುಗ ಮತ್ತೆ ಒಮ್ಮೆ ಸೇದಿದನೆಂದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂದು ಮನೆಯವರು ಕೈಚೆಲ್ಲುತ್ತಾರೆ. ಮರುಕಳಿಕೆ ಈ ಕಾಯಿಲೆಯ ಸ್ವಭಾವ. ವೈದ್ಯರು ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ. ಆದರೆ ಹೆರಾಯಿನ್ ಅಥವಾ ಅಫೀಮು ಜಾತಿಯ ನೋವು ನಿವಾರಕ ಮಾತ್ರೆಗಳ ಚಟವಿದ್ದವರ ವಿಷಯದಲ್ಲಿ ಒಂದು ಮಾತನ್ನು ಮನೆಯವರೆಲ್ಲ ತಿಳಿದಿರಬೇಕು. ಕೆಲವು ವಾರ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಮೊದಲಿನಷ್ಟೇ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಎಬ್ಬಿಸಿದರೂ ಏಳದೆ, ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿದ್ದರೆ ಮಗನನ್ನು ಮಗ್ಗುಲಿಗೆ ಮಲಗಿಸಿ ಕೂಡಲೇ 108ಕ್ಕೆ ಕರೆ ಮಾಡಬೇಕು. ಏನು ಸೇವಿಸಿದ್ದನೆಂಬುದನ್ನು ಬಂದವರಿಗೆ ಮುಚ್ಚಿಡದೆ ತಿಳಿಸಬೇಕು.