ದುಡಿಮೆ ನಿಂತ ಮೇಲೆ ಬೆಳೆಗಾರರ ಆದಾಯ

ಸಹಕಾರ ಇಲಾಖೆಯ ನೌಕರಿಯಲ್ಲಿದ್ದಾಗ ನಾನು ಮೂರು ವರ್ಷ ಆಳಂದ ತಾಲ್ಲೂಕಿನಲ್ಲಿದ್ದೆ. ಈಗ ನಿವೃತ್ತನಾಗಿ ಊರಲ್ಲಿ ತಂದೆಯವರ ಕಾಲದ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಆ ಸೀಮೆಯ ಹಳೆಯ ಪರಿಚಯಸ್ಥರೊಬ್ಬರು ಈಚೆಗೆ ತಮ್ಮನ ಮಗಳ ಮದುವೆಗೆ ಕರೆದರೆಂದು ನರೋಣಾಕ್ಕೆ ಹೋಗಿದ್ದೆ. ಅವರು ತೊಗರಿ ಬೆಳೆಗಾರರು. ಆರು ಎಕರೆ ಒಣಭೂಮಿ, ವಯಸ್ಸು ಅರವತ್ತೆರಡು. ಊಟವಾದ ಮೇಲೆ ಬೇವಿನ ನೆರಳಲ್ಲಿ ಕುಳಿತಾಗ ಕೇಳಿದರು:

"ಸಾಹೇಬ್ರ, ನಿಮಗ ತಿಂಗಳಾದ್ರ ಪಿಂಚಣಿ ಬರ್ತದ. ನಾ ನಲವತ್ ವರ್ಷ ಹೊಲದಾಗ ದುಡದೀನಿ. ನನಗ ಯಾರ್ ಕೊಡ್ತಾರ್ರಿ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ತೊಗರಿಯವರಿಗೆ ವರ್ಷಕ್ಕೊಮ್ಮೆ ಹಣ ಕಾಣುವಂತೆ ಕಾಫಿ, ಅಡಿಕೆಯವರಾದ ನಮಗೂ ವರ್ಷಕ್ಕೊಮ್ಮೆ ಕಾಣುತ್ತದೆ. ಮೈಯಲ್ಲಿ ಶಕ್ತಿ ಇರುವವರೆಗೆ ಅದು ನಡೆಯುತ್ತದೆ. ಆಮೇಲೆ ತಿಂಗಳು ತಿಂಗಳು ಮಾತ್ರೆಗೆ, ಮಜ್ಜಿಗೆಗೆ, ಬಸ್ಸಿಗೆ ಬೇಕಾಗುವ ಹಣ ಎಲ್ಲಿಂದ ಬರಬೇಕು? ಆ ದಿನ ಸಂಜೆಯವರೆಗೆ ಅವರೊಡನೆ ಕುಳಿತು ಹಾಕಿದ ಲೆಕ್ಕವನ್ನೇ ಸದಸ್ಯ ಬಾಂಧವರ ಮುಂದಿಡುತ್ತಿದ್ದೇನೆ.

ಮೊದಲು ತಿಳಿಯಬೇಕಾದುದು, ಸರಕಾರದ ಪಿಂಚಣಿ ಯೋಜನೆಗಳಿಗೆ ವಯಸ್ಸಿನ ಬಾಗಿಲುಗಳಿವೆ. ಒಮ್ಮೆ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದಿಲ್ಲ. ಸಣ್ಣ ಮತ್ತು ಅತಿಸಣ್ಣ ರೈತರಿಗಾಗಿ ಕೇಂದ್ರ ಸರಕಾರ 2019ರಲ್ಲಿ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಯನ್ನು ಆರಂಭಿಸಿತು. ಸೇರುವಾಗ ವಯಸ್ಸು 18ರಿಂದ 40ರೊಳಗಿರಬೇಕು. ಸಾಗುವಳಿ ಜಮೀನು 2 ಹೆಕ್ಟೇರು, ಅಂದರೆ ಸುಮಾರು 4 ಎಕರೆ 38 ಗುಂಟೆ ಮೀರಿರಬಾರದು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂ. ಕಟ್ಟಿದರೆ ಅಷ್ಟೇ ಮೊತ್ತವನ್ನು ಸರಕಾರವೂ ಹಾಕುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂ., ಚಂದಾದಾರ ತೀರಿಕೊಂಡರೆ ಪತ್ನಿಗೆ ಅಥವಾ ಪತಿಗೆ ಅದರಲ್ಲಿ ಅರ್ಧ. 29ನೇ ವಯಸ್ಸಿಗೆ ಸೇರಿದವನು ತಿಂಗಳಿಗೆ 100 ರೂ.ನಂತೆ 31 ವರ್ಷ ಕಟ್ಟುವುದು ಒಟ್ಟು 37,200 ರೂ. ಮಾತ್ರ. ಆದರೂ ಈ 3,000ವನ್ನು ನೆಚ್ಚಿ ಕೂರುವಂತಿಲ್ಲ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ, 20 ವರ್ಷಗಳ ಬಳಿಕ ಆ ಹಣಕ್ಕೆ ಇಂದಿನ 1,130 ರೂ.ಗಳಷ್ಟು ಸಾಮಾನು ಮಾತ್ರ ಬಂದೀತು.

ನರೋಣಾದ ನಮ್ಮ ಮಿತ್ರರಿಗೆ ವಯಸ್ಸಿನಿಂದಲೂ ಜಮೀನಿನಿಂದಲೂ ಇದು ಒದಗುವುದಿಲ್ಲ. ಅವರ ಮಗನಿಗೆ 35 ವರ್ಷ, ಆದರೆ ಪಹಣಿಯಲ್ಲಿ ಅವನ ಹೆಸರಿಲ್ಲ. ಮಲೆನಾಡಿನ ಎಷ್ಟೋ ಒಟ್ಟು ಕುಟುಂಬಗಳಲ್ಲೂ ಇದೇ ಕಥೆ: ತೋಟದ ಕೆಲಸವೆಲ್ಲ ಮಗನದು, ಖಾತೆ ಅಜ್ಜನ ಹೆಸರಲ್ಲಿ. ಅಂಥವನಿಗೆ 2015ರ ಅಟಲ್ ಪಿಂಚಣಿ ಯೋಜನೆ ಇದೆ. ಅದಕ್ಕೆ ಜಮೀನು ಕೇಳುವುದಿಲ್ಲ, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಉಳಿತಾಯ ಖಾತೆ ಇದ್ದರಾಯಿತು. ಇದಕ್ಕೂ 40ರ ಗಡಿ ಇದೆ. ತಿಂಗಳಿಗೆ 5,000 ರೂ. ಪಿಂಚಣಿ ಬೇಕಾದರೆ 18ನೇ ವಯಸ್ಸಿನಲ್ಲಿ ಸೇರಿದವನ ಮಾಸಿಕ ಕಂತು 210 ರೂ., 30ರಲ್ಲಿ 577, 35ರಲ್ಲಿ 902, 40ರಲ್ಲಿ 1,454. ಚಂದಾದಾರನ ನಂತರ ಪತ್ನಿಗೆ ಅಥವಾ ಪತಿಗೆ ಪೂರ್ತಿ ಪಿಂಚಣಿಯೇ ಮುಂದುವರಿಯುತ್ತದೆ.

ಇಲ್ಲಿ ಕಾಫಿಯವರಿಗೊಂದು ಮಾತು. 2022ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಕಟ್ಟುವವರು ಅಟಲ್ ಯೋಜನೆಗೆ ಹೊಸದಾಗಿ ಸೇರುವಂತಿಲ್ಲ. ಹಣ್ಣನ್ನು ಹಾಗೆಯೇ ಮಾರುವವರ ಆದಾಯ ಪೂರ್ತಿ ಕೃಷಿ ಆದಾಯ. ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ ಮಾಡಿ ಮಾರಿದರೆ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ ವ್ಯಾಪಾರದ ಆದಾಯವೆಂದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಮಗ ಪುಡಿ ವ್ಯಾಪಾರಕ್ಕೆ ಇಳಿಯುವ ಯೋಚನೆಯಲ್ಲಿದ್ದರೆ ಪಿಂಚಣಿ ಖಾತೆಯನ್ನು ಮೊದಲೇ ತೆರೆಯುವುದು ಜಾಣತನ.

40 ದಾಟಿದವರ ಕಷ್ಟವೇ ಹೆಚ್ಚು. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ (2007) 65 ತುಂಬಿದ ಸಣ್ಣ ರೈತರಿಗೂ ಕೂಲಿಕಾರರಿಗೂ ಇದೆ, ತಿಂಗಳಿಗೆ 1,200 ರೂ.; ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಆದರೆ ಅದರ ಆದಾಯ ಮಿತಿ ಬಹಳ ಕಡಿಮೆ. ತೀರಾ ಬಡವನೂ ಅಲ್ಲದ, ಸ್ಥಿತಿವಂತನೂ ಅಲ್ಲದ ಐದಾರು ಎಕರೆಯ ಬೆಳೆಗಾರ ಎರಡರ ನಡುವೆ ಉಳಿದುಹೋಗುತ್ತಾನೆ. ಅವನ ಪಿಂಚಣಿಯನ್ನು ಅವನೇ ಕಟ್ಟಿಕೊಳ್ಳಬೇಕು, ಅದೂ ಒಳ್ಳೆಯ ಬೆಲೆ ಬಂದ ವರ್ಷದಲ್ಲೇ. 2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ನಮ್ಮಲ್ಲಿ ಎಷ್ಟು ಜೀಪುಗಳು ಬಂದವೆಂದು ಎಲ್ಲರೂ ನೋಡಿದ್ದೇವೆ.

60 ತುಂಬಿದವರಿಗೆ ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಅವಧಿ 5 ವರ್ಷ, ಗರಿಷ್ಠ ಮಿತಿ 30 ಲಕ್ಷ ರೂ., ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಸೇರುತ್ತದೆ. 2024-25ರಲ್ಲಿ ಬಡ್ಡಿ ದರ ಶೇ. 8.2 ಇತ್ತು. ಆ ದರದಲ್ಲಿ 10 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೆ 20,500 ರೂ. ಬರುತ್ತದೆ. ನರೋಣಾದವರ ಬಳಿ ಇದ್ದುದು 2 ಲಕ್ಷ, ಅದನ್ನೂ ಪರಿಚಯದವರೊಬ್ಬರಿಗೆ ಕೈಗಡ ಕೊಡಲು ಮಾತಾಗಿತ್ತು. ಯೋಜನೆಯಲ್ಲಿಟ್ಟರೆ ಮೂರು ತಿಂಗಳಿಗೆ 4,100 ರೂ. ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಳಿಗಿ ಖರ್ಚು ನೀಗ್ತದ ಬಿಡ್ರಿ" ಎಂದರು.

ಗುಳಿಗೆಯ ಮಾತು ಬಂದಾಗ ಆಸ್ಪತ್ರೆಯ ಮಾತೂ ಬಂತು. ಅವರು ಊರಿನ ಸಹಕಾರ ಸಂಘದ ಸದಸ್ಯರು, ಆದರೆ ಷೇರು ಇರುವುದು ಬೆಳೆಸಾಲಕ್ಕೆ ಮಾತ್ರ ಎಂದುಕೊಂಡಿದ್ದರು. ನಮ್ಮಲ್ಲೂ ಹಾಗೆ ತಿಳಿದವರಿದ್ದಾರೆ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಸಹಕಾರಿಗಳಿಗಾಗಿಯೇ ಹುಟ್ಟಿದ್ದು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿದರು. 2022-23ರಲ್ಲಿ ಮತ್ತೆ ಜಾರಿಗೆ ತಂದರು. ಆಗ ಗ್ರಾಮೀಣ ಸದಸ್ಯರಿಗೆ ನಾಲ್ವರವರೆಗಿನ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂ., ಹೆಚ್ಚುವರಿ ಪ್ರತಿಯೊಬ್ಬರಿಗೆ 100 ರೂ. ಎಂದೂ, ಚಿಕಿತ್ಸೆಯ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ಎಂದೂ ನಿಗದಿಯಾಯಿತು. ಯೋಜನೆಗೆ ಒಳಪಟ್ಟ ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆಯಬೇಕು, ಪ್ರತಿ ವರ್ಷ ನವೀಕರಿಸಬೇಕು. ನಡುವೆ ಯೋಜನೆ ನಿಂತಿದ್ದ ವರ್ಷಗಳನ್ನು ನೆನೆದರೆ, ಒಂದೇ ಯೋಜನೆಗೆ ಜೋತುಬೀಳುವುದು ಸರಿಯಲ್ಲ ಎನಿಸುತ್ತದೆ.

ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್.ನವರಿಗೆ ವೆಚ್ಚದ ಶೇ. 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂ. ಮಿತಿಯೊಳಗೆ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕು. ದಾಖಲಾದ ಮೇಲೆ ಪತ್ರಕ್ಕಾಗಿ ಓಡಾಡುವವರೇ ಹೆಚ್ಚು. 70 ದಾಟಿದವರೆಲ್ಲರಿಗೆ ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ ಪ್ರತ್ಯೇಕ ಕಾರ್ಡು ಪ್ರಕಟಿಸಿತು. ಅದರ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿರಿ.

ಕಾರ್ಡು ಭರಿಸದ ಖರ್ಚೂ ಉಂಟು: ಜೊತೆಗೆ ಹೋದವರ ಊಟ, ವಸತಿ, ಬಾಡಿಗೆ ಕಾರು. ಹೃದಯದ ಕಾಯಿಲೆಗೆಂದು ಆಳಂದದ ಕಡೆಯವರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲೇ 371 ಹಾಸಿಗೆಗಳ ಜಯದೇವ ಆಸ್ಪತ್ರೆ ಉದ್ಘಾಟನೆಯಾದದ್ದು ಅವರಿಗೆ ದೊಡ್ಡ ಉಳಿತಾಯ.

ಏಳುವಾಗ ಅವರು ದನಿ ತಗ್ಗಿಸಿ ಇನ್ನೊಂದು ವಿಷಯ ಕೇಳಿದರು. ಹೊಲವನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟು ಹಗುರಾಗಲೇ ಎಂದು. ಆತುರ ಬೇಡವೆಂದೆ. ಕೊಡಲೇಬೇಕಾದರೆ, ತಂದೆತಾಯಿಯ ಅಗತ್ಯಗಳನ್ನು ಮಗ ನೋಡಿಕೊಳ್ಳತಕ್ಕದ್ದು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಮಗ ತಪ್ಪಿದರೆ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಮಿನಂತೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಷರತ್ತಿಲ್ಲದ ಪತ್ರವಾದರೆ ಹೋರಾಟ ಕಷ್ಟ. ಮಗ ಒಳ್ಳೆಯವನೆಂದು ಅವರು ಎರಡು ಸಲ ಹೇಳಿದರು. ಇರಬಹುದು, ಆದರೂ ಬರೆಸಿರಿ ಎಂದೆ.

ಮೊನ್ನೆ ದೂರವಾಣಿಯಲ್ಲಿ ಮಾತಾಡಿದರು. ಎರಡು ಲಕ್ಷ ಅಂಚೆ ಕಚೇರಿಗೆ ಹೋಗಿದೆ, ನಾಮನಿರ್ದೇಶನ ಹೆಂಡತಿಯ ಹೆಸರಿಗಾಗಿದೆ. ದಾನಪತ್ರದ ಮಾತು ಸದ್ಯಕ್ಕೆ ನಿಂತಿದೆ. ಅಟಲ್ ಖಾತೆ ಮಾತ್ರ ಇನ್ನೂ ಆಗಿಲ್ಲ. 40 ಆಗಲು ಐದು ವರ್ಷ ಇದೆಯಲ್ಲ ಎಂದು ಮಗ ಹೇಳುತ್ತಾನಂತೆ. 35ಕ್ಕೆ 902 ರೂ. ಇರುವ ಕಂತು 39ಕ್ಕೆ 1,318 ರೂ. ಆಗುತ್ತದೆಂದು ಅವನಿಗೆ ತಿಳಿಸಲು ಹೇಳಿದ್ದೇನೆ.