ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವುದು ಯಾವುದು?

ಪುಲ್ಲಿ ಜಾರಿತು ಅಂದರೆ ಮೆಕ್ಯಾನಿಕ್ ಮೊದಲು ಕೇಳುವುದು ‘ಕೀ ಹೋಯ್ತಾ?’ ಅಂತ. ಅಕ್ಕಿ ಗಿರಣಿಯಿರಲಿ, ಜಲ್ಲಿ ಕ್ರಷರ್ ಇರಲಿ, ಪೀಣ್ಯದ ಯಾವುದೋ ಶೆಡ್ಡಿನ ಕನ್ವೇಯರ್ ಇರಲಿ, ಪ್ರಶ್ನೆ ಬದಲಾಗುವುದಿಲ್ಲ. ಶಾಫ್ಟಿನಲ್ಲೂ ಪುಲ್ಲಿಯ ಬೋರಿನಲ್ಲೂ ಕೊರೆದ ಕೀ ವೇ, ಎರಡರ ನಡುವೆ ಕೂತ ಉಕ್ಕಿನ ತುಂಡು. ಕಣ್ಣಿಗೆ ಕಾಣುವ, ಕೈಗೆ ಸಿಗುವ ವಸ್ತು. ಹಾಗಾಗಿ ಹಿಡಿತವೆಲ್ಲ ಅದರದೇ ಎಂದು ನಂಬಿಬಿಡುವುದು ಸುಲಭ. ಆದರೆ ಟೇಪರ್ ಲಾಕ್ ಬುಷ್, ಲಾಕಿಂಗ್ ಅಸೆಂಬ್ಲಿ, ಶ್ರಿಂಕ್ ಡಿಸ್ಕ್ ಮುಂತಾದ ಬಿಗಿಪಟ್ಟುಗಳು ನೆಚ್ಚಿಕೊಂಡಿರುವುದು ಕಣ್ಣಿಗೆ ಕಾಣದ ಇನ್ನೊಂದನ್ನು: ಶಾಫ್ಟಿನ ಸುತ್ತ ಬೀಳುವ ಒತ್ತಡ, ಅದರಿಂದ ಹುಟ್ಟುವ ಘರ್ಷಣೆ. ಕೀ ಕಾಲದ ಅಭ್ಯಾಸಗಳನ್ನು ಇವುಗಳ ಮೇಲೂ ಪ್ರಯೋಗಿಸುವುದರಿಂದಲೇ ನಮ್ಮಲ್ಲಿ ಹೆಚ್ಚಿನ ಫಿಟಿಂಗ್‌ಗಳು ಕೆಡುತ್ತವೆ.

‘ಕೀ ಇಲ್ಲದೆ ಹಿಡಿಯೋಕೆ ಸಾಧ್ಯವೇ ಇಲ್ಲ’

ಹೀಗೆ ವಾದಿಸುವವರು ಬೆಂಗಳೂರಿನ ಯಲಹಂಕದ ರೈಲು ಗಾಲಿ ಕಾರ್ಖಾನೆಯನ್ನು ನೆನೆಸಿಕೊಳ್ಳಬೇಕು. 1984ರಿಂದ ಅಲ್ಲಿ ರೈಲಿನ ಗಾಲಿ, ಆಕ್ಸಲ್‌ಗಳು ತಯಾರಾಗುತ್ತಿವೆ. ಗಾಲಿಯ ಬೋರನ್ನು ಆಕ್ಸಲ್‌ಗಿಂತ ಮಿಲಿಮೀಟರಿನ ಚಿಕ್ಕದೊಂದು ಭಾಗದಷ್ಟು ಕಿರಿದಾಗಿ ಕೊರೆದು, ಪ್ರೆಸ್ಸಿನಲ್ಲಿ ಒತ್ತಿ ಕೂರಿಸುತ್ತಾರೆ. ಕೀ ಇಲ್ಲ, ಬೋಲ್ಟ್ ಇಲ್ಲ, ವೆಲ್ಡಿಂಗ್ ಇಲ್ಲ. ಗೂಡ್ಸ್ ವ್ಯಾಗನ್ನಿನ ಭಾರ ಹೊತ್ತು, ಬ್ರೇಕಿನ ಎಳೆತ ತಡೆದು ಆ ಗಾಲಿ ಓಡುವುದು ಬರೀ ಒತ್ತಡದ ಹಿಡಿತದಲ್ಲಿ.

ಬಿಗಿಪಟ್ಟು ಮಾಡುವುದೂ ಇದೇ ಕೆಲಸವನ್ನು. ವ್ಯತ್ಯಾಸ ಇಷ್ಟೇ: ಒತ್ತಡವನ್ನು ಪ್ರೆಸ್ಸಿನ ಬದಲು ಬೋಲ್ಟುಗಳು ಹುಟ್ಟಿಸುತ್ತವೆ, ಬೇಕೆಂದಾಗ ಬಿಚ್ಚಲೂ ಬರುತ್ತದೆ. ಲೆಕ್ಕ ಹಾಕಿಯೇ ನೋಡೋಣ. 50 ಮಿ.ಮೀ. ವ್ಯಾಸದ ಶಾಫ್ಟು, ಅದರ ಮೇಲೆ 30 ಮಿ.ಮೀ. ಉದ್ದದ ಹಿಡಿತ, ಪ್ರತಿ ಚದರ ಮಿ.ಮೀ.ಗೆ 150 ನ್ಯೂಟನ್ ಒತ್ತಡ. ಸುತ್ತಲಿನ ಒತ್ತನ್ನೆಲ್ಲ ಕೂಡಿಸಿದರೆ ಸುಮಾರು 72 ಟನ್ ಭಾರಕ್ಕೆ ಸಮ. ಉಕ್ಕಿನ ಮೇಲೆ ಉಕ್ಕಿನ ಘರ್ಷಣಾಂಕ 0.12 ಎಂದು ಹಿಡಿದರೂ ಆ ಜೋಡಣೆ ಜಾರಬೇಕಾದರೆ ಸುಮಾರು 2,100 ನ್ಯೂಟನ್ ಮೀಟರ್ ತಿರುಚುಬಲ ಬೇಕು. ನಿಮಿಷಕ್ಕೆ 1,440 ಸುತ್ತು ತಿರುಗುವ 20 ಎಚ್‌ಪಿ ಮೋಟಾರು ಕೊಡುವುದು ಸುಮಾರು 100 ನ್ಯೂಟನ್ ಮೀಟರ್. ಸ್ಟಾರ್ಟ್ ಆಗುವಾಗಿನ ಜಗ್ಗಾಟ ಅದರ ಎರಡೂವರೆ ಪಟ್ಟು ಎಂದುಕೊಂಡರೂ 250. ಅದೇ ಶಾಫ್ಟನ್ನು 40 ಮೆಗಾಪಾಸ್ಕಲ್ ತಿರುಚು ಒತ್ತಡದ ಮಿತಿಯಲ್ಲಿ ದುಡಿಸಿದರೆ ಅದು ಸಾಗಿಸುವುದೇ ಸಾವಿರದ ಹತ್ತಿರ. ಅಂದರೆ ಈ ಹಿಡಿತ ಶಾಫ್ಟಿಗಿಂತಲೂ ಗಟ್ಟಿ.

ಕೀ ಶಾಫ್ಟಿಗೆ ಏನು ಮಾಡುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. 50 ಮಿ.ಮೀ. ಶಾಫ್ಟಿಗೆ 14 ಮಿ.ಮೀ. ಅಗಲದ ಕೀ, ಅದಕ್ಕಾಗಿ ಶಾಫ್ಟಿನಲ್ಲಿ ಐದೂವರೆ ಮಿ.ಮೀ. ಆಳಕ್ಕೆ ಕೊರೆಯಬೇಕು. ಎಂಡ್ ಮಿಲ್ಲಿನಲ್ಲಿ ಕೊರೆದ ಕೀ ವೇಯ ತಳದ ಮೂಲೆಯಲ್ಲಿ ಬಾಗುವ ಒತ್ತಡ ಎರಡು ಪಟ್ಟಿಗೂ, ತಿರುಚುವ ಒತ್ತಡ ಮೂರು ಪಟ್ಟಿಗೂ ಏರುತ್ತದೆ ಎಂದು ಲೆಕ್ಕ ಹಿಡಿದೇ ವಿನ್ಯಾಸಕಾರರು ಶಾಫ್ಟಿನ ಗಾತ್ರ ನಿರ್ಧರಿಸುವುದು. ತುಂಡಾದ ಶಾಫ್ಟು ಕೈಗೆ ಸಿಕ್ಕರೆ ಮುರಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಕೀ ವೇಯ ಒಂದು ಮೂಲೆಯಿಂದ ಹೊರಟು, ಸಮುದ್ರದಂಡೆಯ ಮರಳಿನ ಮೇಲೆ ಅಲೆ ಬಿಟ್ಟುಹೋದಂಥ ನುಣುಪು ಗೆರೆಗಳು ಅರ್ಧಕ್ಕೂ ಮೀರಿ ಹರಡಿರುತ್ತವೆ. ಕೊನೆಗೆ ಉಳಿದ ಸ್ವಲ್ಪ ಭಾಗ ಮಾತ್ರ ಒರಟಾಗಿ ಹರಿದಿರುತ್ತದೆ. ಆ ಬಿರುಕು ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆದಿರುತ್ತದೆ. ‘ನಿನ್ನೆ ಸಂಜೆ ತನಕ ಚೆನ್ನಾಗೇ ಇತ್ತು’ ಎಂದು ಆಪರೇಟರ್ ಹೇಳುವುದು ಸುಳ್ಳಲ್ಲ, ಅವನಿಗೆ ಕಂಡಿರುವುದಿಲ್ಲ ಅಷ್ಟೇ.

ಮುಂದಕ್ಕೂ ಹಿಂದಕ್ಕೂ ತಿರುಗುವ ಯಂತ್ರಗಳಲ್ಲಿ ಕೀ ಇನ್ನೂ ಬೇಗ ಸೋಲುತ್ತದೆ. ಕೂದಲೆಳೆಯಷ್ಟು ಸಂದು ಇದ್ದರೂ ದಿಕ್ಕು ಬದಲಾದಾಗಲೆಲ್ಲ ಕೀ ಒಂದೊಂದು ಏಟು ಹೊಡೆಯುತ್ತದೆ, ಏಟಿಗೆ ಸಂದು ಇನ್ನಷ್ಟು ಅಗಲವಾಗುತ್ತದೆ. ಸಿಎನ್‌ಸಿ ಯಂತ್ರದ ಸರ್ವೋ ಮೋಟಾರುಗಳಲ್ಲಿ ಕೀ ಇಲ್ಲದ ನುಣುಪು ಶಾಫ್ಟಿಗೆ ಕ್ಲ್ಯಾಂಪ್ ಕಪ್ಲಿಂಗ್ ಹಾಕುವುದು ಇದೇ ಕಾರಣಕ್ಕೆ.

ಇಷ್ಟು ಹೇಳಿದೆನೆಂದು ಕೀಯನ್ನು ಕಿತ್ತೆಸೆಯಬೇಕಿಲ್ಲ. ಅದು ಅಗ್ಗ, ಯಾವ ಊರಿನ ಲೇತ್ ಅಂಗಡಿಯಲ್ಲೂ ಸಿಗುತ್ತದೆ, ಒಂದೇ ದಿಕ್ಕಿಗೆ ಸಮನಾಗಿ ತಿರುಗುವ ಪಂಪಿಗೆ, ಫ್ಯಾನಿಗೆ ಧಾರಾಳ ಸಾಕು. ಪುಲ್ಲಿಯ ಇಳಿಜಾರು ಬೋರಿಗೂ ಶಾಫ್ಟಿಗೂ ನಡುವೆ ಕೂರುವ ಟೇಪರ್ ಲಾಕ್ ಬುಷ್‌ನಲ್ಲೂ ಕೀ ವೇ ಇರುತ್ತದೆ. ಜಗ್ಗಾಟ ಹೆಚ್ಚಾದಾಗ ಬೆನ್ನಿಗಿರಲಿ ಎಂದು. ಆದರೆ ಅಲ್ಲಿ ಕೀ ಪಕ್ಕಗಳಲ್ಲಿ ಮಾತ್ರ ತಾಗಬೇಕು, ಮೇಲೆ ಸಂದು ಇರಲೇಬೇಕು. ಎತ್ತರದ ಕೀಯನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಬುಷ್ ಮುಚ್ಚಿಕೊಳ್ಳುವುದಿಲ್ಲ, ಬೋಲ್ಟು ಎಷ್ಟು ತಿರುಗಿಸಿದರೂ ಶಾಫ್ಟಿಗೆ ಒತ್ತಡ ತಲುಪುವುದಿಲ್ಲ. ‘ಕೀ ಟೈಟಾಗಿದೆ ಸಾರ್’ ಎಂಬ ಸಮಾಧಾನದ ಮಾತೇ ಅಲ್ಲಿ ದೋಷದ ಸುಳಿವು.

‘ಒಂದು ಗ್ರಬ್ ಸ್ಕ್ರೂ ಸಾಲದು, ಎದುರಿಗೆ ಇನ್ನೊಂದು ಹಾಕು’

ಪುಲ್ಲಿಯ ಬೋರಿನ ಗೋಡೆ ಹೊಕ್ಕು ಶಾಫ್ಟಿಗೆ ಒತ್ತುವ ಗ್ರಬ್ ಸ್ಕ್ರೂ ಒಂದನ್ನೇ ಬಿಗಿದಾಗ ಅದು ಶಾಫ್ಟನ್ನು ಬೋರಿನ ಎದುರು ಗೋಡೆಗೆ ಒತ್ತುತ್ತದೆ. ಸ್ಕ್ರೂ ತುದಿಯಲ್ಲಿ ಒಂದು ಹಿಡಿತ, ಎದುರು ಗೋಡೆಯಲ್ಲಿ ಇನ್ನೊಂದು. ಸರಿಯಾಗಿ 180 ಡಿಗ್ರಿಯಲ್ಲಿ ಎರಡನೆಯದನ್ನು ಹಾಕಿದರೆ ಶಾಫ್ಟು ಎರಡು ತುದಿಗಳ ನಡುವೆ ನೇತಾಡುತ್ತದೆ, ಗೋಡೆಯ ಹಿಡಿತ ಹೋಗುತ್ತದೆ. ಎರಡು ಬೇಕಿದ್ದರೆ ಅವುಗಳ ನಡುವೆ 60ರಿಂದ 120 ಡಿಗ್ರಿ ಅಂತರ ಇರಲಿ. ಒಂದು ಕೀಯ ಮೇಲೆ, ಇನ್ನೊಂದು ಅದಕ್ಕೆ 90 ಡಿಗ್ರಿಯಲ್ಲಿ ಎಂಬ ಹಳೆಯ ಪದ್ಧತಿಗೆ ಅರ್ಥವಿದೆ. ಶಾಫ್ಟಿನ ಮೇಲೆ ಸ್ಕ್ರೂ ಕೂರುವ ಜಾಗದಲ್ಲಿ ಸ್ವಲ್ಪ ಫೈಲ್ ಹೊಡೆದು ಚಪ್ಪಟೆ ಮಾಡಿಟ್ಟರೆ ಸ್ಕ್ರೂ ಕಚ್ಚಿ ಎಬ್ಬಿಸಿದ ಮುಳ್ಳು ಮುಂದೆ ಪುಲ್ಲಿ ಎಳೆಯುವಾಗ ಬೋರನ್ನೆಲ್ಲ ಗೀರುವುದು ತಪ್ಪುತ್ತದೆ.

ಗ್ರಬ್ ಸ್ಕ್ರೂ ತಲೆಯಿಲ್ಲದೆ ಒಳಗೇ ಹುದುಗಿರುವುದು ಅಂದಕ್ಕಲ್ಲ. ಹಿಂದೆ ಅದಕ್ಕೆ ಚೌಕ ತಲೆ ಇತ್ತು, ಹೊರಗೆ ಚಾಚಿಕೊಂಡಿರುತ್ತಿತ್ತು. ತಿರುಗುವಾಗ ಅದು ಕಣ್ಣಿಗೆ ಕಾಣದು. ಅಂಗಿಯ ತೋಳು, ಪಂಚೆಯ ಅಂಚು ಸಿಕ್ಕಿದರೆ ಆಳನ್ನೇ ಸುತ್ತಿಕೊಳ್ಳುತ್ತಿತ್ತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಅಲೆನ್ ಎಂಬವರ ಕಂಪನಿ ಒಳಗೆ ಆರುಮೂಲೆ ತೂತಿರುವ ಸ್ಕ್ರೂವನ್ನು 1910ರಲ್ಲಿ ಜಾಹೀರಾತು ಮಾಡಿದ್ದು ‘ಸೇಫ್ಟಿ’ ಸೆಟ್ ಸ್ಕ್ರೂ ಎಂದೇ. ನಮ್ಮ ಟೂಲ್ ಬಾಕ್ಸಿನ ಅಲೆನ್ ಕೀಗೆ ಅವರದೇ ಹೆಸರು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 26ನೇ ಕಲಮು ಕೂಡ ತಿರುಗುವ ಶಾಫ್ಟಿನ ಮೇಲಿನ ಪ್ರತಿ ಸೆಟ್ ಸ್ಕ್ರೂ, ಬೋಲ್ಟ್, ಕೀ ಒಳಗೆ ಹುದುಗಿರಬೇಕು ಇಲ್ಲವೇ ಮುಚ್ಚಿರಬೇಕು ಎಂದಿತು. ಕಳೆದುಹೋದ ಗ್ರಬ್ ಸ್ಕ್ರೂ ಜಾಗಕ್ಕೆ ಕೈಗೆ ಸಿಕ್ಕಿದ ಉದ್ದನೆ ಹೆಕ್ಸ್ ಬೋಲ್ಟನ್ನು ತಿರುಗಿಸಿಟ್ಟು ‘ಸದ್ಯಕ್ಕೆ ಇರಲಿ’ ಎನ್ನುವವರು ಅದೇ ಚೌಕ ತಲೆಯ ಕಾಲಕ್ಕೆ ಹಿಂತಿರುಗುತ್ತಾರೆ.

‘ಸ್ವಲ್ಪ ಗ್ರೀಸ್ ಹಚ್ಚಿ ಕೂರಿಸು’

ಇದರ ಎದುರು ಪಕ್ಷವೂ ಇದೆ: ‘ಎಣ್ಣೆ ಪಸೆ ಎಲ್ಲೂ ಇರಬಾರದು’. ಎರಡೂ ಅರ್ಧ ಸತ್ಯ. ಯಾವ ಪಟ್ಟು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಟೇಪರ್ ಲಾಕ್ ಬುಷ್‌ನ ಒಳಮೈ, ಹೊರಮೈ, ಪುಲ್ಲಿಯ ಇಳಿಜಾರು ಬೋರು, ಶಾಫ್ಟು ನಾಲ್ಕೂ ಒಣಗಿರಬೇಕು. ಹೊಸ ಬುಷ್ ಮೇಲೆ ತುಕ್ಕು ಹಿಡಿಯದಿರಲೆಂದು ಹಚ್ಚಿದ ಪಸೆಯನ್ನೂ ಒರೆಸಬೇಕು. ಪುಲ್ಲಿಯ ನಡುಭಾಗವಾದ ಹಬ್ಬಿನ ಒಳಗೆ ಕೂರುವ ಲಾಕಿಂಗ್ ಅಸೆಂಬ್ಲಿಗಳನ್ನು ಸಾಮಾನ್ಯವಾಗಿ ತೆಳು ಎಣ್ಣೆ ಸವರಿದ ಸ್ಥಿತಿಯಲ್ಲೇ ಹಾಕಬೇಕು. ತಯಾರಕರ ಪಟ್ಟಿಯಲ್ಲಿರುವ ತಿರುಚುಬಲದ ಅಂಕಿಗಳು ಆ ಎಣ್ಣೆಯ 0.12ರ ಲೆಕ್ಕದವೇ. ಅಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸ್ ಹಚ್ಚಿದರೆ ಘರ್ಷಣೆ ಅರ್ಧಕ್ಕಿಳಿಯಬಹುದು, ಹಿಡಿತವೂ ಅರ್ಧ. ಶ್ರಿಂಕ್ ಡಿಸ್ಕಿನದು ಇನ್ನೂ ವಿಚಿತ್ರ. ಗೇರ್‌ಬಾಕ್ಸಿನ ಟೊಳ್ಳು ಶಾಫ್ಟಿನ ಹೊರಗೆ ಕೂತು ಅದನ್ನು ಒಳಗಿನ ಶಾಫ್ಟಿನ ಮೇಲೆ ಅಮುಕುವ ಈ ಉಂಗುರಗಳ ಇಳಿಜಾರು ಮೈಗೂ ಬೋಲ್ಟಿಗೂ ಕಾರ್ಖಾನೆಯಲ್ಲೇ ಗ್ರೀಸ್ ಹಾಕಿರುತ್ತಾರೆ. ಟೊಳ್ಳು ಶಾಫ್ಟಿನ ಒಳಮೈ, ಒಳಗಿನ ಶಾಫ್ಟಿನ ಹೊರಮೈ ಮಾತ್ರ ಪೂರ್ತಿ ಒಣಗಿರಬೇಕು. ಜಾರಬೇಕಾದಲ್ಲಿ ಗ್ರೀಸ್, ಹಿಡಿಯಬೇಕಾದಲ್ಲಿ ಒಣ. ಒರೆಸುವ ಬಟ್ಟೆಯನ್ನು ಸೀಮೆಎಣ್ಣೆಗೋ ಡೀಸೆಲ್‌ಗೋ ಅದ್ದಿದರೆ ಒಣಗಿದಂತೆ ಕಂಡರೂ ಪಸೆ ಉಳಿಯುತ್ತದೆ, ಅದಕ್ಕೆ ಥಿನ್ನರ್ ಬೇಕು.

‘ಪೈಪ್ ಹಾಕಿ ಟೈಟ್ ಮಾಡು, ಎಲ್ಲಿಗೆ ಹೋಗತ್ತೆ’

ಎಲ್ಲಿಗೂ ಹೋಗುವುದಿಲ್ಲ, ಹಬ್ ಬಿರಿಯುತ್ತದೆ. ಲಾಕಿಂಗ್ ಅಸೆಂಬ್ಲಿ ಶಾಫ್ಟನ್ನು ಒಳಕ್ಕೆ ಅಮುಕುವಷ್ಟೇ ಬಲವಾಗಿ ಹಬ್ಬನ್ನು ಹೊರಕ್ಕೆ ಒತ್ತುತ್ತದೆ. ಬೆಳಗಾವಿಯ ಫೌಂಡ್ರಿಗಳಲ್ಲಾಗಲಿ ಬೇರೆಲ್ಲಾಗಲಿ ಎರಕ ಹೊಯ್ದ ಬೂದು ಬೀಡುಕಬ್ಬಿಣದ ಪುಲ್ಲಿ ಅಮುಕನ್ನು ಚೆನ್ನಾಗಿ ತಾಳುತ್ತದೆ, ಹಿಗ್ಗನ್ನು ತಾಳುವುದಿಲ್ಲ. ಹಬ್ಬಿನ ಗೋಡೆ ತೆಳ್ಳಗಿದ್ದರೆ ಅಲೆನ್ ಕೀಗೆ ಎರಡಡಿ ಪೈಪು ಸಿಕ್ಕಿಸಿದ ದಿನವೇ ಕೂದಲಿನಂಥ ಗೆರೆ ಬೀಳುತ್ತದೆ.

ಟಾರ್ಕ್ ರೆಂಚ್ ಬಳಸುವವರಿಗೂ ಒಂದು ಮಾತು. ಬೋಲ್ಟು ತಿರುಗಿಸಲು ಹಾಕಿದ ಬಲದಲ್ಲಿ ಸುಮಾರು ಅರ್ಧ ತಲೆಯಡಿಯ ಉಜ್ಜಾಟಕ್ಕೆ, ಶೇ. 40ರಷ್ಟು ಎಳೆಗಳ ಉಜ್ಜಾಟಕ್ಕೆ ಹೋಗುತ್ತದೆ. ಬೋಲ್ಟನ್ನು ಎಳೆದು ಹಿಡಿಯಲು ಉಳಿಯುವುದು ಶೇ. 10. ಹಾಗಾಗಿ ಎಣ್ಣೆ ಹಾಕಿದ ಬೋಲ್ಟಿಗೂ ಒಣ ಬೋಲ್ಟಿಗೂ ರೆಂಚಿನಲ್ಲಿ ಒಂದೇ ಅಂಕಿ ಬಂದರೂ ಒಳಗಿನ ಎಳೆತ ಬೇರೆಬೇರೆ.

ಸುತ್ತಲೂ ಎಂಟು, ಹತ್ತು ಬೋಲ್ಟುಗಳಿರುವ ಪಟ್ಟನ್ನು ಬಿಗಿಯುವುದು ನವಾರಿನ ಮಂಚ ಬಿಗಿದಂತೆ, ಒಂದನ್ನು ಎಳೆದರೆ ಪಕ್ಕದ್ದು ಸಡಿಲ. ಮೊದಲು ಎದುರುಬದುರಾಗಿ ಅರ್ಧ ಬಿಗಿತ, ಆಮೇಲೆ ಪೂರ್ತಿ, ಕೊನೆಗೆ ಪೂರ್ತಿ ಟಾರ್ಕಿನಲ್ಲೇ ಸಾಲಾಗಿ ಸುತ್ತು ಬರಬೇಕು. ಯಾವ ಬೋಲ್ಟೂ ಇನ್ನು ಕದಲುವುದಿಲ್ಲ ಎನ್ನುವವರೆಗೆ ಸುತ್ತು ನಿಲ್ಲಿಸಬಾರದು. ಈ ಕೊನೆಯ ಸುತ್ತುಗಳನ್ನು ಬಿಟ್ಟುಬಿಡುವುದೇ ನಮ್ಮಲ್ಲಿ ರೂಢಿ, ಶಿಫ್ಟ್ ಮುಗಿಯುವ ಹೊತ್ತಾಗಿದ್ದರಂತೂ ಕೇಳಲೇಬೇಡಿ. 12.9 ದರ್ಜೆಯ ಬೋಲ್ಟು ಕಳೆದರೆ ಹಾರ್ಡ್‌ವೇರ್ ಅಂಗಡಿಯ 8.8 ದರ್ಜೆಯದನ್ನು ತಂದು ಹಾಕುವುದೂ ಹಾಗೆಯೇ ರೂಢಿ. 12.9 ದರ್ಜೆಯ ಬೋಲ್ಟು 1,080 ಮೆಗಾಪಾಸ್ಕಲ್‌ವರೆಗೆ ಶಾಶ್ವತವಾಗಿ ಹಿಗ್ಗದೆ ನಿಲ್ಲುತ್ತದೆ, 8.8ರದು 640ಕ್ಕೇ ಸೋಲುತ್ತದೆ.

ಶ್ರಿಂಕ್ ಡಿಸ್ಕನ್ನು ‘ಟ್ರಯಲ್’ ನೋಡಲೆಂದು ಒಳಗೆ ಶಾಫ್ಟಿಲ್ಲದೆ ಬಿಗಿಯುವವರೂ ಇದ್ದಾರೆ. ಟೊಳ್ಳು ಶಾಫ್ಟು ಶಾಶ್ವತವಾಗಿ ಕುಗ್ಗುತ್ತದೆ. ಆಮೇಲೆ ಗೇರ್‌ಬಾಕ್ಸನ್ನೇ ಇಳಿಸಬೇಕು.

‘ಸವೆದ ಶಾಫ್ಟಾದರೇನು, ಕ್ಲ್ಯಾಂಪ್ ಹಿಡ್ಕೊಳ್ಳತ್ತೆ’

ಬುಷ್ ಮುಚ್ಚಿಕೊಳ್ಳುವುದಕ್ಕೆ ಮಿತಿ ಇದೆ. ಅದನ್ನು ಮೀರಿ ಸವೆದ ಶಾಫ್ಟನ್ನು ದಪ್ಪಗಾಗಿಸಲು ತಂಪುಪಾನೀಯದ ಡಬ್ಬಿ ಕತ್ತರಿಸಿ ಸುತ್ತುವುದು, ಸೆಂಟರ್ ಪಂಚಿನಿಂದ ಶಾಫ್ಟಿನ ಮೈತುಂಬ ಚುಕ್ಕಿ ಹೊಡೆದು ಲೋಹ ಎಬ್ಬಿಸುವುದು ನಮ್ಮ ವರ್ಕ್‌ಶಾಪುಗಳ ಪ್ರಸಿದ್ಧ ಉಪಾಯಗಳು. ಪಂಚ್ ಹೊಡೆದ ಶಾಫ್ಟಿನಲ್ಲಿ ಬುಷ್ ತಾಗುವುದು ಆ ಚುಕ್ಕಿಗಳ ಅಂಚಿಗೆ ಮಾತ್ರ. ಕೂರಿಸುವಾಗ ಬಿಗಿಯೆನಿಸುತ್ತದೆ, ಓಡಲು ಶುರುವಾದ ಮೇಲೆ ಅಂಚು ಚಪ್ಪಟೆಯಾಗಿ ಒತ್ತಡ ಇಳಿಯುತ್ತದೆ, ಉಳಿದ ಪ್ರತಿ ಗುಳಿಯೂ ಬಿರುಕು ಹುಟ್ಟಲು ಒಂದು ಜಾಗ. ಮೆಟಲ್ ಹಾಕಿಸಿ ಗ್ರೈಂಡ್ ಮಾಡಿಸುವುದು ಅಥವಾ ಶಾಫ್ಟು ಬದಲಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ.

‘ಹಬ್ಬಿನ ಅಂಚಲ್ಲಿ ಕೆಂಪು ಪುಡಿ, ನೀರು ಬಿದ್ದು ತುಕ್ಕು’

ನೀರೇ ತಾಗದ ಜಾಗದಲ್ಲೂ ಈ ಕಾವಿ ಬಣ್ಣದ ನುಣ್ಣನೆ ಪುಡಿ ಕಂಡರೆ ಶಾಫ್ಟೂ ಹಬ್ಬೂ ಒಂದಕ್ಕೊಂದು ಮೈಕ್ರಾನುಗಳ ಲೆಕ್ಕದಲ್ಲಿ ಉಜ್ಜಾಡುತ್ತಿವೆ ಎಂದರ್ಥ. ಉಜ್ಜಿ ಎದ್ದ ಕಬ್ಬಿಣದ ಕಣ ಗಾಳಿಗೆ ಸಿಕ್ಕಿ ಆಕ್ಸೈಡ್ ಆದದ್ದು ಅದು. ಒರೆಸಿ ಬಣ್ಣ ಬಳಿಯುವ ಬದಲು ಬಿಗಿತ ಪರೀಕ್ಷಿಸಬೇಕು.

‘ಬೋಲ್ಟ್ ಬಿಚ್ಚಿದ್ರೂ ಬರ್ತಿಲ್ಲ, ಜಾಮ್ ಆಗಿದೆ, ಚಾಣ ತಗೊಂಬಾ’

ಜಾಮ್ ಆಗಿಲ್ಲ, ಅದು ಇರಬೇಕಾದ್ದೇ ಹಾಗೆ. ಟೇಪರ್ ಲಾಕ್ ಬುಷ್‌ನ ಇಳಿಜಾರು ಒಂದೊಂದು ಪಕ್ಕಕ್ಕೆ ಸುಮಾರು 4 ಡಿಗ್ರಿ. ಅಷ್ಟು ಕಡಿಮೆ ಇಳಿಜಾರಿನಲ್ಲಿ ಘರ್ಷಣೆಯೇ ಮೇಲುಗೈ, ಸ್ಕ್ರೂ ತೆಗೆದರೂ ಬುಷ್ ತಾನಾಗಿ ಸಡಿಲುವುದಿಲ್ಲ. ಅದಕ್ಕೇ ಮೂರನೇ ತೂತು ಕೊಟ್ಟಿರುವುದು. ಚಿಕ್ಕ ಅಳತೆಯ ಬುಷ್‌ಗಳಲ್ಲಿ ಪ್ರತಿ ತೂತಿನ ಅರ್ಧ ಬುಷ್‌ನಲ್ಲೂ ಅರ್ಧ ಪುಲ್ಲಿಯಲ್ಲೂ ಇದ್ದು, ಬಿಗಿಯುವ ಎರಡು ತೂತುಗಳ ಎಳೆ ಪುಲ್ಲಿಯ ಕಡೆಯ ಅರ್ಧದಲ್ಲಿರುತ್ತದೆ. ಅಲ್ಲಿ ಸ್ಕ್ರೂ ಬುಷ್‌ನ ತಳಕ್ಕೆ ಒತ್ತಿ ಅದನ್ನು ಒಳಕ್ಕೆ ನೂಕುತ್ತದೆ. ಮೂರನೆಯದರಲ್ಲಿ ಎಳೆ ಬುಷ್ ಕಡೆಯ ಅರ್ಧದಲ್ಲಿ. ಬಿಚ್ಚಿದ ಅದೇ ಸ್ಕ್ರೂಗಳಲ್ಲಿ ಒಂದನ್ನು ಅಲ್ಲಿ ಬಿಗಿದರೆ ಅದು ಪುಲ್ಲಿಗೆ ಒತ್ತಿ ಬುಷ್ಷನ್ನು ಹೊರಕ್ಕೆ ತಳ್ಳುತ್ತದೆ. ಟಪ್ಪೆಂದು ಒಂದು ಸದ್ದು, ಪುಲ್ಲಿ ಕೈಗೆ ಬರುತ್ತದೆ. ಈ ತೂತಿನಲ್ಲಿ ಹಿಟ್ಟು, ಸಿಮೆಂಟು, ಬಣ್ಣ ತುಂಬಿ ಗಟ್ಟಿಯಾಗಿದ್ದರೆ ಮಾತ್ರ ಚಾಣ ಹುಡುಕುವ ಪಾಡು ಬರುತ್ತದೆ. ಬಿಗಿಯುವ ದಿನವೇ ಖಾಲಿ ತೂತಿಗೆ ಗ್ರೀಸ್ ತುಂಬಿಟ್ಟರೆ ಆ ಪಾಡು ಬರುವುದಿಲ್ಲ. ಸ್ಕ್ರೂಗಳನ್ನೂ ಕಳೆಯಬೇಡಿ: 2517 ಅಳತೆಯ ಬುಷ್‌ನಲ್ಲಿ ಅವು ಅರ್ಧ ಇಂಚಿನ ವಿಟ್‌ವರ್ತ್ ಎಳೆಯವು, ಅಂಗಡಿಯ 12 ಮಿ.ಮೀ. ಸ್ಕ್ರೂ ಅಲ್ಲಿಗೆ ಹೊಂದುವುದಿಲ್ಲ.